ಅಮ್ಮನ ಚಪ್ಪಲಿ ಪಕ್ಕದ ಇಲಿ

ಕಳೆದ ಆಷಾಢದ ಒಂದು ಬೆಳಿಗ್ಗೆ. ಇನ್ನೂ ಆರು ಗಂಟೆ ಆಗಿರಲಿಲ್ಲ. ಅಮ್ಮನ ರೂಮಿನಿಂದ "ಅಯ್ಯೋ ರಾಮ!" ಅಂತ ಕೂಗು ಕೇಳಿತು. ಬಿದ್ದೆನೋ ಎದ್ದೆನೋ ಅಂತ ಓಡಿದೆ. ಬಚ್ಚಲಲ್ಲಿ ಜಾರಿಬಿಟ್ಟಳೋ, ತಲೆ ಸುತ್ತಿ ಬಂತೋ ಅಂತ ನನ್ನೆದೆ ಢವಢವ. ನೋಡಿದರೆ ಅಮ್ಮ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಾಳೆ. ಕೆಳಗೆ ಅವಳ ಹವಾಯಿ ಚಪ್ಪಲಿ. ಅದರ ಪಕ್ಕದಲ್ಲಿ, ಯಾರೋ ಅಳತೆ ಮಾಡಿ ಇಟ್ಟ ಹಾಗೆ, ಒಂದು ಸತ್ತ ಇಲಿ. ಎರಡಡಿ ಆಚೆ ಬಾಲ ಸುತ್ತಿಕೊಂಡು ಕೂತ ನಮ್ಮ ಸುಬ್ಬಿ. ಅವಳ ಮುಖದಲ್ಲಿ ಯಾವ ತಪ್ಪಿತಸ್ಥ ಭಾವವೂ ಇರಲಿಲ್ಲ.

"ನನ್ನ ಚಪ್ಪಲಿನೇ ಸಿಕ್ತಾ ಮಾರಾಯ್ತಿ ಇದಕ್ಕೆ?" ಅಂದಳು ಅಮ್ಮ.

ಹಳೇ ಪೇಪರ್ ತಂದು ಇಲಿಯನ್ನು ಎತ್ತಿದೆ. ಅಮ್ಮ ಫಿನಾಯಿಲ್ ಹಾಕಿ ನೆಲ ಒರೆಸಿ, ಇನ್ನೊಂದು ಸಲ ಸ್ನಾನ ಮಾಡಿ ದೇವರ ದೀಪ ಹಚ್ಚಿದಳು. ಮೂರು ತಲೆಮಾರಿನಿಂದ ಮೊಟ್ಟೆ ಕೂಡ ಒಳಗೆ ಬರದ ಮನೆ ನಮ್ಮದು. ಅಂಥಲ್ಲಿ ಬೆಳಗಿನ ಮೊದಲ ದರ್ಶನವೇ ಇಲಿಯ ಹೆಣ!

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಅಪ್ಪ ಹೋದಮೇಲೆ ತೀರ್ಥಹಳ್ಳಿ ಹತ್ತಿರದ ನಮ್ಮೂರ ಮನೆಗೆ ಬೀಗ ಹಾಕಿ ಅಮ್ಮನನ್ನು ಬೆಂಗಳೂರಿಗೆ ಕರಕೊಂಡು ಬಂದೆ. ಬನಶಂಕರಿಯ ಒಂದು ಗ್ರೌಂಡ್ ಫ್ಲೋರ್ ಬಾಡಿಗೆ ಮನೆ. ಪಕ್ಕದಲ್ಲಿ ಒಂದು ಖಾಲಿ ಸೈಟು, ಅದರ ತುಂಬಾ ಕಸ, ಕಾಂಗ್ರೆಸ್ ಗಿಡ. ಸುಬ್ಬಿ ಆ ಸೈಟಿನಿಂದಲೇ ಮರಿಯಾಗಿದ್ದಾಗ ಬಂದವಳು. ಸಂತಾನಹರಣ ಚಿಕಿತ್ಸೆ ಮಾಡಿಸಿ ಇಟ್ಟುಕೊಂಡಿದ್ದೆ. ನಾನು ವಾರದಲ್ಲಿ ಮೂರು ದಿನ ಆಫೀಸು, ಎರಡು ದಿನ ಮನೆಯಿಂದ ಕೆಲಸ. ಉಳಿದಂತೆ ಮನೆಯಲ್ಲಿ ಅಮ್ಮ ಮತ್ತು ಸುಬ್ಬಿ ಇಬ್ಬರೇ.

ಅಮ್ಮ ಊಟ ಬಿಟ್ಟಿದ್ದಳು ಅಂತ ಹೇಳಲಾಗದು. ಆದರೆ ಊಟ ಅಂದರೆ ಮೊಸರನ್ನ, ಅದೂ ನಾಲ್ಕು ತುತ್ತು. "ಒಬ್ಬಳಿಗೆ ಅಂತ ಏನು ಹುಳಿ ಮಾಡೋದು" ಅನ್ನುವಳು. ಮಧ್ಯಾಹ್ನ ಮಲಗಿದರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಆಫೀಸಿನಿಂದ ಫೋನ್ ಮಾಡಿ "ಊಟ ಆಯ್ತಾ?" ಅಂತ ಕೇಳುತ್ತಿದ್ದೆ. "ಆಯ್ತು" ಅನ್ನುತ್ತಿದ್ದಳು. ನನ್ನ ಕರ್ತವ್ಯ ಅಲ್ಲಿಗೆ ಮುಗಿಯುತ್ತಿತ್ತು. ದುಃಖ, ಕಾಲವೇ ಮದ್ದು ಅಂದುಕೊಂಡಿದ್ದೆ.

ಇಲಿ ಒಂದಕ್ಕೇ ನಿಲ್ಲಲಿಲ್ಲ. ಮರುದಿನ ಬಾಲವಿಲ್ಲದ ಹಲ್ಲಿ. ಆಮೇಲೆ ಒಂದು ಸೊಂಡಿಲಿ. ಅದರ ವಾಸನೆಗೆ ಸುಬ್ಬಿಯೇ ಮುಟ್ಟದೆ ನಮಗೆ ದಾನ ಮಾಡಿದ್ದಳು. ಒಂದು ಮಿಡತೆ. ಒಂದಿನ ಜೀವ ಇದ್ದ ಇಲಿಮರಿಯನ್ನೇ ತಂದು ಬಿಟ್ಟು, ಅದು ಗೋದ್ರೆಜ್ ಬೀರುವಿನ ಕೆಳಗೆ ನುಗ್ಗಿ, ನನ್ನ ಬೆಳಗಿನ ಮೀಟಿಂಗು ಪೊರಕೆ ಹಿಡಿದುಕೊಂಡೇ ನಡೆಯಿತು. ಎಲ್ಲವೂ ಅಮ್ಮನ ಮಂಚದ ಹತ್ತಿರವೇ. ಮರಿಯಾಗಿದ್ದಾಗಿನಿಂದ ಸಾಕಿದ ನನಗೆ ಒಂದು ಜಿರಳೆ ಕೂಡ ಇಲ್ಲ!

ಯಾಕೆ ಹೀಗೆ ಅಂತ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ. ತಾಯಿಬೆಕ್ಕು ಮರಿಗಳಿಗೆ ಬೇಟೆ ಕಲಿಸುವ ಕ್ರಮವೊಂದಿದೆ. ಮೊದಲು ಸತ್ತ ಪ್ರಾಣಿಯನ್ನು ತಂದು ಮರಿಗಳ ಮುಂದೆ ಇಡುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಜೀವಂತ ಬೇಟೆ ತಂದು ಬಿಡುತ್ತದೆ, ಮರಿಗಳೇ ಹಿಡಿಯಲಿ ಅಂತ. ಮರಿ ಹಾಕದ, ಚಿಕಿತ್ಸೆಯಾದ ಹೆಣ್ಣುಬೆಕ್ಕುಗಳಲ್ಲೂ ಈ ಸ್ವಭಾವ ಉಳಿದಿರಬಹುದು, ಬೇಟೆಯಾಡಲು ಬಾರದ ಮನೆಯವರನ್ನೇ ಅವು ಮರಿಗಳ ಸಾಲಿಗೆ ಸೇರಿಸಿಕೊಂಡಿರಬಹುದು ಅಂತ ಕೆಲವರ ವಿವರಣೆ. ಇನ್ನು ಕೆಲವರು ಹೇಳುವುದು ಇಷ್ಟೇ: ಬೆಕ್ಕು ತನ್ನ ಬೇಟೆಯನ್ನು ತನಗೆ ಸುರಕ್ಷಿತ ಅನಿಸುವ ಜಾಗಕ್ಕೆ ತರುತ್ತದೆ, ಆ ಜಾಗದಲ್ಲಿ ನೀವೂ ಇದ್ದೀರಿ.

ನನಗೆ ಮೊದಲನೆಯದೇ ಇಷ್ಟವಾಯಿತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮನಿಗೆ ಹೇಳಿದೆ. "ನೀನು ಸರಿಯಾಗಿ ಊಟ ಮಾಡ್ತಿಲ್ಲ ಅಂತ ಸುಬ್ಬಿಗೂ ಗೊತ್ತಾಗಿದೆ ಕಣಮ್ಮ. ಪಾಪ ಈ ಮುದುಕಿಗೆ ಇಲಿ ಹಿಡಿಯಕ್ಕೂ ಬರಲ್ಲ ಅಂತ ತಂದು ಕೊಡ್ತಿದೆ."

ಅಮ್ಮ ನಕ್ಕಳು. ಅಪ್ಪ ಹೋದಮೇಲೆ ಅವಳು ಶಬ್ದ ಮಾಡಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಊರಿನ ತಂಗಿಗೆ ಫೋನ್ ಮಾಡಿ "ನನಗೆ ಇಲ್ಲೊಬ್ಬಳು ಅಮ್ಮ ಸಿಕ್ಕಿದ್ದಾಳೆ" ಅಂತ ಹೇಳಿದಳು. ಅವತ್ತಿನಿಂದ ಇಲಿ ಸಿಕ್ಕರೆ ಬೈಗುಳವಿಲ್ಲ. ಸುಬ್ಬಿಗೆ ಒಂದು ತಟ್ಟೆ ಹೆಚ್ಚು ಹಾಲು ಅನ್ನ. ಚೆಂದದ ಕಥೆ. ನಾನೂ ಖುಷಿಯಾಗಿದ್ದೆ.

ಆದರೆ ಶ್ರಾವಣದ ಹೊತ್ತಿಗೆ ಸುಬ್ಬಿ ಬಡವಾದಳು. ಬೆನ್ನಿನ ಮೂಳೆ ಕೈಗೆ ಸಿಗುತ್ತಿತ್ತು. ಕೂದಲು ಹೊಳಪು ಕಳೆದುಕೊಂಡು ಒರಟಾಗಿತ್ತು. ಆಗಾಗ ಭೇದಿ. ಬುಟ್ಟಿಯಲ್ಲಿ ಹಾಕಿಕೊಂಡು ಆಟೋದಲ್ಲಿ ಪಶುವೈದ್ಯರ ಹತ್ತಿರ ಹೋದೆವು. ಅವರು ಹೊಟ್ಟೆ ಒತ್ತಿ, ಬಾಯಿ ತೆರೆದು ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಊಟಕ್ಕೆ ಏನು ಹಾಕ್ತೀರಿ?"

"ಹಾಲು ಅನ್ನ. ಮೊಸರನ್ನ. ಬೆಳಿಗ್ಗೆ ದೋಸೆ ಮಾಡಿದ್ರೆ ದೋಸೆ" ಅಂದಳು ಅಮ್ಮ, ಹೆಮ್ಮೆಯಿಂದ.

"ಅಮ್ಮಾ, ಇದು ಬೆಕ್ಕು. ನಿಮ್ಮ ಮನೆ ಪುರೋಹಿತರಲ್ಲ."

ಅವರು ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ನಾಯಿ ನಮ್ಮ ಹಾಗೆ ಅನ್ನ ತಿಂದೂ ಹೇಗೋ ಬದುಕಬಲ್ಲದು. ಬೆಕ್ಕಿನ ದೇಹಕ್ಕೆ ಮಾಂಸವೇ ಆಗಬೇಕು. ಟಾರಿನ್ ಅಂತ ಒಂದು ಅಂಶವಿದೆ. ಅದನ್ನು ಬೆಕ್ಕು ತನ್ನ ದೇಹದಲ್ಲಿ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೇ ಪಡೆಯಬೇಕು. ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಹೃದಯದ ಈ ಸಂಬಂಧವನ್ನು 1987ರಲ್ಲಿ ವಿಜ್ಞಾನಿಗಳು ತೋರಿಸಿದ ಮೇಲೆ ಬೆಕ್ಕಿನ ಸಿದ್ಧ ಆಹಾರದಲ್ಲಿ ಟಾರಿನ್ ಪ್ರಮಾಣವನ್ನೇ ಹೆಚ್ಚಿಸಿದರು. ಇನ್ನು ಹಾಲು? ದೊಡ್ಡ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಅದು ಜೀರ್ಣವೇ ಆಗುವುದಿಲ್ಲ. ಸುಬ್ಬಿಯ ಭೇದಿಗೆ ನಮ್ಮ ಹೆಚ್ಚುವರಿ ತಟ್ಟೆಯೇ ಕಾರಣ. ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡಿದ್ದಕ್ಕೆ ಬಿಸಿ ಹಾಲು ಕಾರಣವಾದರೆ, ನಮ್ಮದು ಓಡಬೇಕಿದ್ದಕ್ಕೆ ಬೇರೆಯೇ ಕಾರಣವಿತ್ತು.

ಅದೃಷ್ಟಕ್ಕೆ ಕಣ್ಣು, ಹೃದಯ ಎರಡೂ ಸರಿ ಇದ್ದವು. "ಹಿಡಿದಿದ್ದನ್ನೆಲ್ಲ ನಿಮಗೇ ಕೊಡ್ತಿರಲಿಲ್ಲ, ಸದ್ಯ. ಅಷ್ಟಿಷ್ಟು ತಾನೂ ತಿಂದು ಉಳ್ಕೊಂಡಿದೆ" ಅಂದರು ಡಾಕ್ಟ್ರು. ಇದೂ ನಿಜವೇ. ಅಮೆರಿಕದ ಜಾರ್ಜಿಯಾದಲ್ಲಿ 55 ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದ್ದರಂತೆ. ಹಿಡಿದ ಬೇಟೆಯಲ್ಲಿ ಮನೆಗೆ ಬಂದದ್ದು ಶೇಕಡಾ 23 ಮಾತ್ರ. ಉಳಿದದ್ದನ್ನು ಅಲ್ಲೇ ತಿಂದಿದ್ದವು, ಇಲ್ಲವೇ ಅಲ್ಲೇ ಬಿಟ್ಟಿದ್ದವು. ನಾವು ನೋಡುವ ಉಡುಗೊರೆ ಅದರ ದಿನಚರಿಯ ಒಂದು ಸಣ್ಣ ತುಂಡು.

ಆಟೋದಲ್ಲಿ ವಾಪಸ್ ಬರುವಾಗ ಅಮ್ಮ ಮಾತಾಡಲಿಲ್ಲ. ನನಗೂ ಒಳಗೊಳಗೇ ನಾಚಿಕೆ. ಎರಡು ತಿಂಗಳು ನಾವು ಸುಬ್ಬಿಯ ಪ್ರೀತಿಯ ಕಥೆ ಹೇಳಿಕೊಂಡು ಓಡಾಡಿದ್ದೆವು. ಅವಳ ತಟ್ಟೆಯಲ್ಲಿ ಏನಿದೆ ಅಂತ ನೋಡಿರಲೇ ಇಲ್ಲ. ಬೆಕ್ಕಿಗೆ ಹೊಟ್ಟೆ ತುಂಬಿದ್ದರೂ ಬೇಟೆಯ ಬುದ್ಧಿ ಇರುತ್ತದೆ, ಅದು ನಿಜ. ಆದರೆ ನಮ್ಮ ಬೆಕ್ಕಿನ ಹೊಟ್ಟೆಯೂ ತುಂಬಿರಲಿಲ್ಲ.

ಮನೆಗೆ ಬಂದು ಅಮ್ಮ ಒಲೆಗೆ ಆತುಕೊಂಡು ನಿಂತಿದ್ದಳು. ಮುಖ ಬಿಳುಚಿತ್ತು. ಆಟೋದಿಂದ ಇಳಿದು ಇಪ್ಪತ್ತು ಹೆಜ್ಜೆ ನಡೆದದ್ದಕ್ಕೆ ಏದುಸಿರು. ಆ ಕ್ಷಣ ನನಗೆ ಹೊಳೆಯಿತು. "ಊಟಕ್ಕೆ ಏನು ಹಾಕ್ತೀರಿ" ಅನ್ನುವ ಪ್ರಶ್ನೆಯನ್ನು ನಾನು ಅಮ್ಮನ ವಿಷಯದಲ್ಲೂ ಕೇಳಿರಲಿಲ್ಲ. "ಆಯ್ತಾ" ಅಂತ ಕೇಳಿದ್ದೆ, "ಏನು" ಅಂತ ಕೇಳಿರಲಿಲ್ಲ. ಮರುದಿನ ರಜೆ ಹಾಕಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಎಂಟರ ಹತ್ತಿರ. ಬಿ12 ಪಾತಾಳದಲ್ಲಿ. "ಸುಸ್ತು ಎಷ್ಟು ದಿನದಿಂದ?" ಅಂತ ಡಾಕ್ಟ್ರು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ದುಃಖ ಇರಲಿಲ್ಲ ಅಂತಲ್ಲ. ಆದರೆ ಎಲ್ಲದಕ್ಕೂ ದುಃಖ ಅಂತ ಹೆಸರಿಟ್ಟು ನಾನು ಆರಾಮಾಗಿದ್ದೆ.

ಇಂಜೆಕ್ಷನ್ನು, ಕಬ್ಬಿಣದ ಮಾತ್ರೆ ಶುರುವಾಯಿತು. ಜೊತೆಗೆ ಸುಬ್ಬಿಯ ಆಹಾರದ ಪ್ರಶ್ನೆ. ಸಿದ್ಧ ಆಹಾರದ ಪೊಟ್ಟಣ ತರಬೇಕು, ಅದರಲ್ಲಿ ಮೀನು, ಕೋಳಿ. ಅಮ್ಮನಿಗೆ ಹೇಗೆ ಹೇಳುವುದು? ನಾನೇ ಟೆರೇಸಿನಲ್ಲಿ ಕದ್ದು ಹಾಕುವ ಯೋಜನೆ ಹಾಕಿದ್ದೆ. ಸಂಜೆ ಅಮ್ಮನೇ ಮಾತು ತೆಗೆದಳು.

"ಅದಕ್ಕೆ ಬೇಕಾದ್ದು ತಂದು ಹಾಕು. ಒಳಗೆ ಬೇಡ, ಬಟ್ಟೆ ಒಗೆಯೋ ಕಲ್ಲಿನ ಹತ್ರ ಹಾಕೋಣ. ಚಮಚ ಬೇರೆ ಇರಲಿ."

"ನಿನಗೆ ಬೇಜಾರಿಲ್ವಾ ಅಮ್ಮ?"

"ದೇವರು ಅದನ್ನ ಹಾಗೆ ಮಾಡಿದಾನೆ. ನನ್ನ ಮಡಿಗೆ ಅದು ಯಾಕೆ ಸಾಯ್ಬೇಕು?"

ಮೊದಲ ವಾರ ಮೂಗಿಗೆ ಸೆರಗು ಹಿಡಿದುಕೊಂಡು ಹಾಕಿದಳು. ಈಗ ಪೊಟ್ಟಣದ ಸದ್ದಿಗೆ ಸುಬ್ಬಿ ಓಡಿ ಬರುವುದನ್ನು ನೋಡಲಿಕ್ಕೆಂದೇ ಸೆರಗು ಮರೆಯುತ್ತಾಳೆ.

ಸೈಟಿನ ಸೂರಕ್ಕಿಗಳ ಮೇಲೆ ಕನಿಕರಪಟ್ಟು ಸುಬ್ಬಿಯ ಕೊರಳಿಗೆ ಒಂದು ಗೆಜ್ಜೆಯನ್ನೂ ಕಟ್ಟಿದ್ದಳು ಅಮ್ಮ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವ ಗಾದೆಗೆ ನಮ್ಮನೆಯಲ್ಲಿ ಉತ್ತರ ಸಿಕ್ಕಿತು, ಪ್ರಯೋಜನ ಮಾತ್ರ ಸಿಗಲಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. 219 ಮನೆಗಳ 355 ಬೆಕ್ಕುಗಳ ಮೇಲೆ ಪ್ರಯೋಗ. ಗೆಜ್ಜೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮಾಂಸದ ಪ್ರೋಟೀನ್ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇಕಡಾ 36ರಷ್ಟು ಕಡಿಮೆಯಾಯಿತು. ದಿನಕ್ಕೆ ಐದು ಹತ್ತು ನಿಮಿಷ ಆಟ ಆಡಿಸಿದ್ದಕ್ಕೆ ಶೇಕಡಾ 25ರಷ್ಟು ಇಳಿಯಿತು.

ಹಾಗಾಗಿ ಗೆಜ್ಜೆ ಬಿಚ್ಚಿದೆವು, ಆಟ ಶುರುಮಾಡಿದೆವು. ದಿನಾ ಸಂಜೆ ಆರಕ್ಕೆ ಅಮ್ಮ ಹಳೇ ಸೀರೆಯ ಅಂಚಿಗೆ ಒಂದು ಕೋಳಿಗರಿ ಕಟ್ಟಿ (ಗರಿಯೂ ಒಳಗೆ ಬಂತು, ನೋಡಿ!) ಹಾಲ್ ತುಂಬಾ ಎಳೆದುಕೊಂಡು ಓಡಾಡುತ್ತಾಳೆ. ಸುಬ್ಬಿ ಹೊಂಚುತ್ತಾಳೆ, ನೆಗೆಯುತ್ತಾಳೆ. ಮೊದಮೊದಲು ಕುರ್ಚಿಯಲ್ಲಿ ಕೂತೇ ಎಳೆಯುತ್ತಿದ್ದವಳು ಈಗ ನಿಂತು ಆಡಿಸುತ್ತಾಳೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಸುಬ್ಬಿಯ ಲೆಕ್ಕವೂ ಇದೆ. ಆಷಾಢದಲ್ಲಿ ವಾರಕ್ಕೆ ಮೂರು ನಾಲ್ಕು "ಇ" ಇದ್ದವು. ಇ ಅಂದರೆ ಇಲಿ. ಕಾರ್ತಿಕದಲ್ಲಿ ಇಡೀ ತಿಂಗಳಿಗೆ ಎರಡು.

ಬೆಕ್ಕು ಸಾಕಿರುವ ನಿಮಗೂ ಇಂಥ ಉಡುಗೊರೆ ಬರುತ್ತಿದ್ದರೆ ಬೈಯಬೇಡಿ, ಹೊಡೆಯಬೇಡಿ. ಯಾಕೆ ಬೈದಿರಿ ಅಂತ ಅದಕ್ಕೆ ತಿಳಿಯುವುದಿಲ್ಲ, ನಿಮ್ಮನ್ನು ಕಂಡರೆ ಹೆದರಲು ಕಲಿಯುತ್ತದೆ ಅಷ್ಟೇ. ಬರಿಗೈಯಲ್ಲಿ ಮುಟ್ಟದೆ ಎತ್ತಿ ಹಾಕಿ, ಕೈ ತೊಳೆಯಿರಿ. ಅಕ್ಕಪಕ್ಕದಲ್ಲಿ ಇಲಿ ಪಾಷಾಣ ಇಡುವವರಿದ್ದರೆ ಹೋಗಿ ಮಾತಾಡಿ. ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ವಿಷವೇರಬಹುದು. ಆಮೇಲೆ ಒಮ್ಮೆ ಅದರ ತಟ್ಟೆಯನ್ನು ನೋಡಿ.

ಸುಬ್ಬಿ ಅಮ್ಮನಿಗೇ ಯಾಕೆ ತಂದು ಕೊಡುತ್ತಿದ್ದಳು ಅನ್ನುವುದಕ್ಕೆ ಅಮ್ಮನ ಉತ್ತರ ಬದಲಾಗಿಲ್ಲ. "ನನ್ನ ಮೇಲೆ ಅದಕ್ಕೆ ಕಾಳಜಿ." ನಾನು ವಾದ ಮಾಡುವುದಿಲ್ಲ. ದಿನವಿಡೀ ಮನೆಯಲ್ಲಿ, ಒಂದೇ ಮಂಚದಲ್ಲಿ, ಅವಳ ಕಾಲಬುಡದಲ್ಲಿ ಮಲಗುವ ಜೀವಕ್ಕೆ ಆ ಮಂಚವೇ ಮನೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಮೊನ್ನೆ ಆಫೀಸಿನಿಂದ ಫೋನ್ ಮಾಡಿ "ಏನು ಅಡುಗೆ?" ಅಂತ ಕೇಳಿದೆ. ಈಗ ಹಾಗೇ ಕೇಳುತ್ತೇನೆ.

"ಬಸಳೆ ಹುಳಿ, ಹೆಸರುಕಾಳು ಪಲ್ಯ. ಮತ್ತೆ ಕೇಳು, ಸುಬ್ಬಿ ಇವತ್ತು ಎದುರು ಮನೆ ಮಗುವಿನ ಕಾಲುಚೀಲ ತಂದಿಟ್ಟಿದೆ, ನನ್ನ ಚಪ್ಪಲಿ ಪಕ್ಕ."

"ಒಂದೇನಾ?"

"ಒಂದೇ. ಒಗೆದು ಹಾಕಿದೀನಿ. ಒಣಗಿದ ಮೇಲೆ ಹೋಗಿ ಕೊಟ್ಟು ಬರ್ತೀನಿ. ಆ ಹುಡುಗಿಗೂ ಸ್ವಲ್ಪ ಪಲ್ಯ ಒಯ್ದು ಕೊಡಬೇಕು, ಬಾಣಂತಿ. ಏನು ತಿಂತಾಳೋ ಏನೋ."

ಎದುರು ಮನೆ ಎರಡನೇ ಮಹಡಿಯಲ್ಲಿದೆ. ಲಿಫ್ಟಿಲ್ಲ. ಅಮ್ಮ ಮೆಟ್ಟಿಲು ಹತ್ತಿಕೊಂಡೇ ಹೋಗಿ ಬಂದಳಂತೆ.