ಎರಡು ತುದಿಯ ದೊಣ್ಣೆ

ಕಳೆದ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಮಗನೂ ಅವನ ಗೆಳೆಯರೂ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಲು ಕೂತಿದ್ದರು. ಒಬ್ಬ ತಪ್ಪಿಸಿಕೊಂಡನೆಂದು ನನ್ನನ್ನೂ ಸೇರಿಸಿಕೊಂಡರು. 2003ರ ಪರಿಷ್ಕೃತ ನಿಯಮಪುಸ್ತಕವೇ ಅವರಿಗೆ ವೇದ. ನನ್ನ ವೀರನ ಪಾಲಿಗೆ ಬಂದದ್ದು ದೊಣ್ಣೆ. ಎರಡು ತುದಿಯಿಂದಲೂ ಹೊಡೆಯಬಹುದಂತೆ. ಮೇಷ್ಟರ ಕೈಗೆ ದೊಣ್ಣೆ ಸಿಕ್ಕರೆ ಬಿಟ್ಟಾರೆಯೆ? “ಎರಡರಿಂದಲೂ ಹೊಡೆದೆ!” ಎಂದೆ.

“ಅದಕ್ಕೆ ಲೆಕ್ಕ ಇದೆ, ಅಪ್ಪ” ಎಂದ ಮಗ. ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದುದರಲ್ಲಿ ಮೊದಲ ತುದಿಗೆ 4, ಎರಡನೆಯದಕ್ಕೆ 8 ಕಳೆಯಬೇಕು. ಜೋಡಿ ಆಯುಧದ ವಿದ್ಯೆ ಕಲಿತವನಿಗೆ ಮಾತ್ರ ಎರಡಕ್ಕೂ 2. ಎರಡನೆಯ ತುದಿಯ ಪೆಟ್ಟಿಗೆ ತೋಳ್ಬಲದ ಅರ್ಧವಷ್ಟೇ ಕೂಡುತ್ತದೆ. ಒಂದೇ ತುದಿಯನ್ನು ಎರಡೂ ಕೈಯಿಂದ ಬೀಸಿದರೋ, ಕಳೆಯುವುದೇನೂ ಇಲ್ಲ. ತೋಳ್ಬಲ ಒಂದೂವರೆಪಟ್ಟು ಕೂಡುತ್ತದೆ. ನಾನಂತೂ ಏನೂ ಕಲಿತವನಲ್ಲ. ಎರಡು ಪೆಟ್ಟೂ ಗಾಳಿಗೆ ಹೋದವು. ಹುಡುಗರು ನಕ್ಕರು, ನಾನೂ ನಕ್ಕೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಮಗನಿಗೆ ಗಣಿತದ ಅಂಕ ಕಡಿಮೆ ಬಂದಾಗ, ಒಂದೇ ಉಸಿರಿನಲ್ಲಿ ಮೇಷ್ಟರಾಗಿ ಗದರಿಸಿದ್ದೆ, ಅಪ್ಪನಾಗಿ ಕಣ್ಣೀರಿಟ್ಟಿದ್ದೆ. ಗದರಿಕೆ ಅವನ ತಲೆಗೆ ಹೋಗಲಿಲ್ಲ, ಕಣ್ಣೀರು ಎದೆಗೆ ತಾಗಲಿಲ್ಲ. ಅಂದಿನಿಂದ ಅವನು ಅಂಕಪಟ್ಟಿಯನ್ನು ತಾಯಿಗೆ ಮಾತ್ರ ತೋರಿಸುತ್ತಾನೆ.

ಬೆಳಿಗ್ಗೆ ಕಾಫಿಗೆ ಕೂತಾಗ ಓದಿನ ಸುದ್ದಿ ಎತ್ತಲಿಲ್ಲ. “ಮುಂದಿನ ಭಾನುವಾರವೂ ನಾನು ಬರಬಹುದೇನೋ?” ಎಂದು ಮಾತ್ರ ಕೇಳಿದೆ.

“ಬಾ ಅಪ್ಪ. ಆದರೆ ಒಂದೇ ತುದಿಯಿಂದ ಹೊಡಿ” ಎಂದ.