ಮುಖದ ಮೇಲಿನ ಹಕ್ಕು

ಕ್ಯಾಮೆರಾ ಹೆಗಲಿಗೇರಿಸಿಕೊಂಡು ದೇಶ ಸುತ್ತುವವನನ್ನು ಕಂಡರೆ ಜನ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ನೀವು ನೋಡಿದ್ದರಲ್ಲಿ ಎಲ್ಲಕ್ಕಿಂತ ಚಂದದ ಜಾಗ ಯಾವುದು?' ಮದುವೆ ಮನೆಯಲ್ಲಿ, ರೈಲಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಈ ಪ್ರಶ್ನೆಯನ್ನು ಎದುರಿಸಿದ್ದೇನೆ. ಫೆಝ್ ಎಂದೋ ಸಮರ್ಕಂದ್ ಎಂದೋ ಹೇಳಿ ಪಾರಾಗುತ್ತೇನೆ. ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ. 'ನಿಮ್ಮ ಚಿತ್ರದಲ್ಲಿದ್ದಾನಲ್ಲ ಆ ಮನುಷ್ಯ, ಅವನಿಗೇನು ಸಿಕ್ಕಿತು?' ಇಪ್ಪತ್ತು ವರ್ಷಗಳ ತಿರುಗಾಟದಲ್ಲಿ ನನ್ನ ಬೆನ್ನು ಬಿಡದೆ ಬಂದದ್ದು ಈ ಪ್ರಶ್ನೆಯೇ.

ಈ ಕಸುಬು ಹೊರಗಿನಿಂದ ಕಾಣುವಷ್ಟು ರೋಚಕವಾದದ್ದೇನಲ್ಲ. ಒಳ್ಳೆಯ ಬೆಳಕು ಸಿಗುವುದು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಕಾಯುವುದು, ಅನುಮತಿಗಾಗಿ ಅಲೆಯುವುದು, ಹೆಗಲು ನೋಯುವಷ್ಟು ಭಾರ ಹೊರುವುದು, ಕಂಡ ಕಂಡಲ್ಲಿ ಬ್ಯಾಟರಿ ಚಾರ್ಜು ಮಾಡಿಕೊಳ್ಳುವುದು. ಊರುಗಳು ಕ್ರಮೇಣ ಮರೆತುಹೋಗುತ್ತವೆ. ಮರೆಯದಿರುವುದು 'ಬೇಡ' ಎಂದವರ ಮುಖಗಳು. ಲೆನ್ಸಿನ ಬಗ್ಗೆ ಪುಸ್ತಕಗಳಿಂದ ಕಲಿತೆ. ಕಸುಬಿನ ಮರ್ಯಾದೆಯನ್ನು ಕಲಿಸಿದ್ದು ಹಾಗೆ ಬೇಡವೆಂದವರು.

ಮೊದಲ ಪಾಠ ಸಿಕ್ಕಿದ್ದು ನಮ್ಮ ಸ್ಟುಡಿಯೊದಲ್ಲೇ. ಉಡುಪಿ ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿ ತಂದೆಯವರು ಸ್ಟುಡಿಯೊ ನಡೆಸುತ್ತಿದ್ದರು. ಗಲ್ಫಿಗೆ ಹೊರಟ ಹುಡುಗರು, ಹಜ್‌ಗೆ ಹೊರಟ ಹಿರಿಯರು, ಇವರ ಪಾಸ್‌ಪೋರ್ಟ್ ಫೊಟೊಗಳೇ ನಮ್ಮ ಅನ್ನ. ಜೀವಮಾನದಲ್ಲಿ ಒಮ್ಮೆಯೂ ಕ್ಯಾಮೆರಾದ ಮುಂದೆ ಕುಳಿತಿರದ ಅಜ್ಜಿಯಂದಿರು ಹಜ್‌ನ ನೆಪದಲ್ಲಿ ಬರುತ್ತಿದ್ದರು. ಹಾಗೆ ಬಂದ ಒಬ್ಬರು ಫೊಟೊ ಕೈಗೆ ಬಂದ ಮೇಲೂ ಎದ್ದು ಹೋಗಲಿಲ್ಲ. 'ಅಲ್ಲ ಮೋನೇ, ಇದನ್ನು ಯಾವುದರಿಂದ ತೆಗೆದೆಯೋ ಅದೆಲ್ಲಿ?' ಎಂದು ತಂದೆಯನ್ನು ಕೇಳಿದರು. ನೆಗೆಟಿವ್ ಸ್ಟುಡಿಯೊದಲ್ಲೇ ಉಳಿಯುತ್ತದೆ, ಅದೇ ಪದ್ಧತಿ ಎಂದು ತಂದೆ ವಿವರಿಸಿದರು. 'ನನ್ನ ಮುಖ ನಿನ್ನ ಪೆಟ್ಟಿಗೆಯಲ್ಲಿ ಯಾಕೆ?' ಎಂದರು ಅಜ್ಜಿ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಗೆಟಿವನ್ನು ಕತ್ತರಿಸಿ ಸಣ್ಣ ಲಕೋಟೆಯಲ್ಲಿ ಹಾಕಿ ಕೊಟ್ಟರು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವರು ಹೊರಟರು. ಹಕ್ಕು ಎಂಬ ನಮ್ಮ ಕನ್ನಡದ ಮಾತು ಅರಬಿಯ 'ಹಕ್'ನಿಂದ ಬಂದದ್ದು. ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಆ ಗಂಟಿನಿಂದ.

ಮೊರಾಕ್ಕೊ ದೇಶದ ಫೆಝ್ ಪಟ್ಟಣಕ್ಕೆ ಹೋದ ಛಾಯಾಗ್ರಾಹಕರಲ್ಲಿ ಶುವಾರಾ ಚರ್ಮ ಹದಗೊಳಿಸುವ ಕೇಂದ್ರದ ಚಿತ್ರ ತೆಗೆಯದವರು ಕಡಿಮೆ. ಹಳೆಯ ಪಟ್ಟಣದ ಓಣಿಗಳು ಎಷ್ಟು ಕಿರಿದೆಂದರೆ ಕಾರು ನುಗ್ಗುವುದಿಲ್ಲ. ಸರಕೆಲ್ಲ ಕತ್ತೆ, ಹೇಸರಗತ್ತೆಗಳ ಮೇಲೆ. ಹಿಂದಿನಿಂದ 'ಬಾಲಕ್, ಬಾಲಕ್' ಎಂಬ ಕೂಗು ಕೇಳಿದೊಡನೆ ಗೋಡೆಗೆ ಒರಗಿ ನಿಲ್ಲಬೇಕು. ಇಂಥ ಓಣಿಗಳ ಕೊನೆಗೆ ಚರ್ಮದ ಅಂಗಡಿಗಳು. ಅವುಗಳ ಮಹಡಿಯಿಂದ ಇಣುಕಿದರೆ ಕೆಳಗೆ ಜೇನುಗೂಡಿನಂತೆ ಕಲ್ಲಿನ ತೊಟ್ಟಿಗಳು: ಕೆಲವು ಬಿಳಿ, ಕೆಲವು ಕಂದು, ಕೆಲವು ಕೆಂಪು. ಬಿಳಿಯ ತೊಟ್ಟಿಗಳಲ್ಲಿ ಸುಣ್ಣ ಮತ್ತು ಪಾರಿವಾಳದ ಹಿಕ್ಕೆ ಕಲಸಿದ ನೀರು, ತೊಗಲನ್ನು ಮೆದು ಮಾಡಲು. ವಾಸನೆ ತಡೆಯಲಿ ಎಂದು ಅಂಗಡಿಯವರು ಪ್ರವಾಸಿಗರ ಕೈಗೆ ಪುದೀನ ಸೊಪ್ಪಿನ ಕಡ್ಡಿ ಕೊಡುತ್ತಾರೆ. ಅದನ್ನು ಮೂಗಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಕ್ಲಿಕ್ಕಿಸಿ, ಒಂದು ಚೀಲವನ್ನೋ ಚಪ್ಪಲಿಯನ್ನೋ ಕೊಂಡು ಜನ ಇಳಿದುಹೋಗುತ್ತಾರೆ. ನಾನೂ ಅಲ್ಲಿ ನಿಂತೇ ತೆಗೆದೆ. ಆ ಎತ್ತರದಿಂದ ಯಾರ ಮುಖವೂ ಕಾಣದು. ತೊಟ್ಟಿಯಲ್ಲಿ ಸೊಂಟದವರೆಗೆ ಇಳಿದು ದುಡಿಯುವವರೂ ಬಣ್ಣದ ನಡುವಿನ ಚುಕ್ಕೆಗಳಾಗುತ್ತಾರೆ.

ಕೆಳಗಿಳಿದು ನೋಡಬೇಕೆನಿಸಿತು. ಇಂಗ್ಲಿಷ್ ಬಲ್ಲ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋದೆ. ತೊಗಲು ತುಳಿಯುತ್ತಿದ್ದ ನಡುವಯಸ್ಸಿನವರೊಬ್ಬರು ಸಲಾಮಿಗೆ ಉತ್ತರಿಸಿ, ಕ್ಯಾಮೆರಾ ಕಂಡೊಡನೆ ಕೈ ಅಡ್ಡ ಹಿಡಿದರು. ಹುಡುಗ ಅನುವಾದಿಸಿದ: 'ಹೀಗೆ ಬೇಡ. ಶುಕ್ರವಾರ ಜುಮಾ ಮುಗಿದ ಮೇಲೆ ಬನ್ನಿ.' ಎರಡು ದಿನ ಕಾದೆ. ಶುಕ್ರವಾರ ಅವರು ಇಸ್ತ್ರಿ ಮಾಡಿದ ಬಿಳಿ ಜಲ್ಲಾಬಿಯಾ ತೊಟ್ಟು, ಮಗಳ ಕೈ ಹಿಡಿದು, ಮನೆಯ ನೀಲಿ ಬಾಗಿಲ ಮುಂದೆ ನಿಂತಿದ್ದರು. ಕೈಗಳ ಮೇಲೆ ಮಾತ್ರ ತೊಳೆದರೂ ಹೋಗದ ಹಳದಿ ಉಳಿದಿತ್ತು. ಚಹಾ ಕುಡಿಯುತ್ತ ಭಾರತದಲ್ಲಿ ಆಡಿನ ತೊಗಲಿಗೆ ಏನು ಬೆಲೆ ಎಂದು ವಿಚಾರಿಸಿದರು. ನನಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ತಮ್ಮ ಗಿರಾಕಿಯೊಡನೆ ಚೌಕಾಸಿ ಮಾಡುತ್ತಲೇ ನನ್ನನ್ನು ಬೀಳ್ಕೊಟ್ಟರು.

ಊರಿಗೆ ಬಂದ ಮೇಲೆ ಒಂದು ವಿದೇಶಿ ಪತ್ರಿಕೆ ಫೆಝ್‌ನ ಚಿತ್ರಗಳನ್ನು ಒಪ್ಪಿಕೊಂಡಿತು. ಶುಕ್ರವಾರದ ಚಿತ್ರ ಬೇಡ, ತೊಟ್ಟಿಗಳದ್ದು ಸಾಕು ಎಂದರು. ಶೀರ್ಷಿಕೆ ಅವರದೇ: 'ಮಧ್ಯಯುಗದಲ್ಲೇ ಉಳಿದುಹೋದ ಊರು.' ಮೊಬೈಲಿನಲ್ಲಿ ವ್ಯಾಪಾರ ಕುದುರಿಸುವ, ಮಗಳನ್ನು ಶಾಲೆಗೆ ಕಳಿಸುವ ಮನುಷ್ಯ ಮಧ್ಯಯುಗದವನು ಹೇಗಾಗುತ್ತಾನೆ ಎಂದು ಬರೆದು ಕೇಳಿದೆ. ಓದುಗರಿಗೆ ಅದೇ ಇಷ್ಟ ಎಂಬ ಉತ್ತರ ಬಂತು. ಚಿತ್ರಗಳನ್ನು ಹಿಂದಕ್ಕೆ ಪಡೆದೆ. ವಿಮಾನದ ಟಿಕೆಟ್ಟಿನ ಸಾಲ ತೀರಿಸಲು ಆ ವರ್ಷ ಇಡೀ ಬೇಸಿಗೆ ಮದುವೆ ಫೊಟೊ ತೆಗೆಯಬೇಕಾಯಿತು. ಮನೆಯಲ್ಲಿ ನನ್ನ ಹೆಂಡತಿ ಬಿಟ್ಟರೆ ಬೇರೆ ಯಾರೂ ಇದನ್ನು ಜಾಣತನ ಎನ್ನಲಿಲ್ಲ.

2009ರಲ್ಲಿ ಪಶ್ಚಿಮ ಆಫ್ರಿಕಾದ ಮಾಲಿ ದೇಶಕ್ಕೆ ಹೋದೆ. ಜೆನ್ನೆ ಎಂಬ ಊರಿನಲ್ಲಿ ಜಗತ್ತಿನ ಅತಿ ದೊಡ್ಡ ಮಣ್ಣಿನ ಕಟ್ಟಡಗಳಲ್ಲೊಂದಾದ ಮಸೀದಿಯಿದೆ. ಹಳೆಯ ಮಸೀದಿಯ ಜಾಗದಲ್ಲಿ ಈಗಿನದನ್ನು 1907ರಲ್ಲಿ ಕಟ್ಟಿದರು. ಗೋಡೆಗಳಿಂದ ತಾಳೆ ಜಾತಿಯ ಮರದ ತೊಲೆಗಳು ಮುಳ್ಳುಗಳಂತೆ ಹೊರಚಾಚಿವೆ. ನೋಡಲು ಅಲಂಕಾರ, ಆದರೆ ಅವೇ ಮೇಸ್ತ್ರಿಗಳ ಏಣಿ. ಮಳೆಗೆ ಮಣ್ಣು ಕರಗುವುದರಿಂದ ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಮಸೀದಿಗೆ ಮಣ್ಣು ಮೆತ್ತುತ್ತದೆ. ಭತ್ತದ ತೌಡು ಬೆರೆಸಿ ಕೊಳೆಸಿದ ಮಣ್ಣನ್ನು ಹುಡುಗರು ತುಳಿದು ಹದ ಮಾಡುತ್ತಾರೆ, ಹೆಂಗಸರು ನೀರು ಹೊರುತ್ತಾರೆ, ಮೇಸ್ತ್ರಿಗಳು ತೊಲೆಯಿಂದ ತೊಲೆಗೆ ಹತ್ತಿ ಬರಿಗೈಯಲ್ಲಿ ಮೆತ್ತುತ್ತಾರೆ. ನಮ್ಮ ಕಡೆ ಮಳೆಗಾಲದ ಮುಂಚೆ ಹಂಚು ಹೊದಿಸುವ ಗಡಿಬಿಡಿಯನ್ನು ಒಂದು ಜಾತ್ರೆ ಮಾಡಿದರೆ ಹೇಗಿರುತ್ತದೋ ಹಾಗೆ.

ಸೋಮವಾರ ಮಸೀದಿಯ ಮುಂದೆ ದೊಡ್ಡ ಸಂತೆ. ಅಲ್ಲಿ ಸಿಕ್ಕ ಹಿರಿಯ ಮೇಸ್ತ್ರಿಯೊಬ್ಬರು ಬಾಗಿಲ ಬಳಿಯ ಫಲಕದ ಕಥೆ ಹೇಳಿದರು. ಮುಸ್ಲಿಮೇತರರಿಗೆ ಪ್ರವೇಶವಿಲ್ಲ ಎಂದು ಅದರಲ್ಲಿ ಬರೆದಿತ್ತು. ಮೊದಲು ಹಾಗಿರಲಿಲ್ಲವಂತೆ, ಯಾರು ಬೇಕಾದರೂ ಒಳಗೆ ಬಂದು ನೋಡಬಹುದಿತ್ತು. 1996ರಲ್ಲಿ ಒಂದು ಫ್ಯಾಷನ್ ಪತ್ರಿಕೆಯವರು ಅರೆಬಟ್ಟೆಯ ರೂಪದರ್ಶಿಗಳನ್ನು ಕರೆತಂದು ಚಿತ್ರೀಕರಣ ನಡೆಸಿದರು. ಊರು ಸಿಟ್ಟಾಯಿತು, ಬಾಗಿಲು ಮುಚ್ಚಿತು. ಆಮೇಲೆ ಬಂದ ಎಷ್ಟೋ ಸಜ್ಜನ ಪ್ರವಾಸಿಗರು ಹೊರಗೇ ನಿಲ್ಲಬೇಕಾಯಿತು. ಕ್ಯಾಮೆರಾ ಹಿಡಿದ ಕೆಲವರ ಒಂದು ದಿನದ ಕೆಲಸಕ್ಕೆ ಇಷ್ಟು ಉದ್ದದ ನೆರಳು.

'ನೀನು ಒಳಗೆ ಬರಬಹುದು, ನಮಾಝಿನ ಹೊತ್ತಾಯಿತು' ಎಂದರು ಮೇಸ್ತ್ರಿ. ಕ್ಯಾಮೆರಾದ ಚೀಲವನ್ನು ಎದುರಿನ ಅಂಗಡಿಯಲ್ಲಿಟ್ಟು ಹೋದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಬಾವಿಯ ತಂಪು. ತೊಂಬತ್ತು ದಪ್ಪ ಕಂಬಗಳು, ಅವುಗಳ ನಡುವೆ ಇಕ್ಕಟ್ಟಾದ ಸಾಲುಗಳು. ಗಾಳಿಗಾಗಿ ಮಾಳಿಗೆಯಲ್ಲಿ ಬಿಟ್ಟ ತೂತುಗಳಿಗೆ ಮಡಕೆಯ ಮುಚ್ಚಳಗಳಿವೆ. ಒಂದು ಮುಚ್ಚಳ ತೆರೆದಿತ್ತು. ಅದರಿಂದ ಇಳಿದ ಬೆಳಕಿನ ಕೋಲು ಸಜ್ದಾ ಮಾಡುತ್ತಿದ್ದ ಮುದುಕರೊಬ್ಬರ ಬೆನ್ನ ಮೇಲೆ ಬಿದ್ದಿತ್ತು. ಅಷ್ಟು ಒಳ್ಳೆಯ ಬೆಳಕನ್ನು ನಾನು ಮತ್ತೆ ಕಂಡಿಲ್ಲ. ಅದರ ಚಿತ್ರ ನನ್ನ ಬಳಿಯಿಲ್ಲ, ನನ್ನ ಮಕ್ಕಳಿಗೆ ಬಾಯಲ್ಲೇ ಹೇಳಿದ್ದೇನೆ. ಸಂಜೆ ಮೇಸ್ತ್ರಿ ಮತ್ತು ಅವರ ಇಬ್ಬರು ಶಿಷ್ಯರು ಮಸೀದಿಯ ಹೊರಗೋಡೆಗೆ ಒರಗಿ ನಿಂತು, ತಾವಾಗಿಯೇ ಫೊಟೊ ತೆಗೆಸಿಕೊಂಡರು. ಪ್ರತಿ ಕಳಿಸಬೇಕು ಎಂದು ವಿಳಾಸ ಬರೆಸಿದರು.

ಮಧ್ಯ ಏಷ್ಯಾದ ಸಮರ್ಕಂದ್‌ಗೆ ಹೋದದ್ದು ಬಹಳ ವರ್ಷಗಳ ಮೇಲೆ, 2018ರಲ್ಲಿ. ಅಲ್ಲಿನ ರೆಗಿಸ್ತಾನ್ ಚೌಕದ ಮೂರು ಕಡೆ ಮೂರು ಮದ್ರಸಾಗಳು. ಖಗೋಳಶಾಸ್ತ್ರಜ್ಞನೂ ಅರಸನೂ ಆಗಿದ್ದ ಉಲುಗ್ ಬೇಗ್ ಕಟ್ಟಿಸಿದ್ದು 1420ರಲ್ಲಿ ಮುಗಿಯಿತು. ಅದರ ಎದುರಿನ ಶೇರ್-ದಾರ್ ಮದ್ರಸಾ 1636ರದು. ಶೇರ್-ದಾರ್‌ನ ಹೆಬ್ಬಾಗಿಲ ಮೇಲೆ ಜಿಂಕೆಯನ್ನು ಅಟ್ಟುವ ಹುಲಿ, ಅದರ ಬೆನ್ನ ಹಿಂದೆ ಮನುಷ್ಯನ ಮುಖವಿರುವ ಸೂರ್ಯ. ಜೀವಿಗಳ ಚಿತ್ರ ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮಲ್ಲಿ ಇಂದಿಗೂ ಮುಗಿದಿಲ್ಲ. ಧರ್ಮ ಕಲಿಸುವ ಶಾಲೆಯ ಬಾಗಿಲಲ್ಲೇ ಈ ಮುಖ ನಾಲ್ಕು ಶತಮಾನಗಳಿಂದ ಬಂದವರನ್ನೆಲ್ಲ ನೋಡುತ್ತಿದೆ. ಯಾರನ್ನೂ ಕೆಣಕದ ಮುಖ ಅದು, ಬದುಕಿದ್ದ ಯಾರದ್ದೂ ಅಲ್ಲ.

ಬದುಕಿದ್ದವರ ಮುಖಗಳೂ ಅದೇ ಊರಲ್ಲಿ ಸೆರೆಯಾಗಿವೆ. ರಷ್ಯದ ಪ್ರೊಕುದಿನ್-ಗೋರ್ಸ್ಕಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಲ್ಲಿಗೆ ಬಂದು ಬಣ್ಣದ ಚಿತ್ರ ತೆಗೆದ. ನೀಲಿ, ಹಸಿರು, ಕೆಂಪು ಗಾಜುಗಳ ಮೂಲಕ ಒಂದಾದ ಮೇಲೊಂದರಂತೆ ಮೂರು ಸಲ ಚಿತ್ರ ಹಿಡಿದು, ಮೂರನ್ನೂ ಸೇರಿಸಿ ಬಣ್ಣ ಬರಿಸುವ ವಿಧಾನ ಅವನದು. ಮುಗಿಯುವವರೆಗೆ ಎದುರಿನವರು ಅಲುಗಬಾರದು. ಅವನು ಚಿತ್ರಿಸಿದ ಬುಖಾರಾದ ಅಮೀರ್ ಆಲಿಮ್ ಖಾನ್, ನೀಲಿ ರೇಷ್ಮೆಯ ನಿಲುವಂಗಿಯಲ್ಲಿ ಈಗಲೂ ಪುಸ್ತಕ ಪುಸ್ತಕಗಳಲ್ಲಿ ಮಿಂಚುತ್ತಾನೆ. ಸಮರ್ಕಂದ್‌ನಲ್ಲಿ ಗುರುವಿನ ಸುತ್ತ ಕುಳಿತ ಯಹೂದಿ ಮಕ್ಕಳ ಚಿತ್ರವೂ ಅಷ್ಟೇ ಚೆನ್ನಾಗಿದೆ. ಅಮೀರನ ಹೆಸರು ಉಳಿಯಿತು. ಅಲುಗದೆ ಕುಳಿತ ಆ ಮಕ್ಕಳು ಬರೀ 'ಯಹೂದಿ ಮಕ್ಕಳು' ಆಗಿ ಉಳಿದರು.

ಹೆಸರು ಅಳಿಯುವುದು ಕ್ಯಾಮೆರಾದ ಎದುರಿಗಿದ್ದವರದ್ದಷ್ಟೇ ಅಲ್ಲ. ಮದೀನಾದ ಮೊದಲ ಫೊಟೊಗಳನ್ನು 1861ರಲ್ಲಿ ತೆಗೆದವರು ಈಜಿಪ್ಟ್ ಸೇನೆಯ ಎಂಜಿನಿಯರ್ ಮುಹಮ್ಮದ್ ಸಾದಿಕ್ ಬೇ. ಅವರ ಹೆಸರನ್ನು ಚರಿತ್ರೆ ಉಳಿಸಿಕೊಂಡಿದೆ. ಮಕ್ಕಾದ ವೈದ್ಯ ಅಬ್ದುಲ್ ಗಫ್ಫಾರ್ ಅವರಿಗೆ ಆ ಭಾಗ್ಯ ತಡವಾಗಿ ಬಂತು. 1885ರಲ್ಲಿ ಮಕ್ಕಾದಲ್ಲಿದ್ದ ಡಚ್ ವಿದ್ವಾಂಸ ಸ್ನೂಕ್ ಹುರ್ಖ್ರೋನ್ಯೆ, ಈ ವೈದ್ಯರು ತೆಗೆದ ಚಿತ್ರಗಳನ್ನು 1889ರಲ್ಲಿ ಅವರ ಹೆಸರು ಹೇಳದೆಯೇ ಪ್ರಕಟಿಸಿದ.

ನಮ್ಮ ಕಾಲದ ಅತ್ಯಂತ ಪ್ರಸಿದ್ಧ ಮುಖದ ಕಥೆ ಇನ್ನೂ ಕಠಿಣವಾದದ್ದು. 1984ರಲ್ಲಿ ಪಾಕಿಸ್ತಾನದ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ಒಬ್ಬ ಅಫ್ಘಾನ್ ಬಾಲಕಿಯ ಚಿತ್ರ ತೆಗೆದರು. ಮರುವರ್ಷ ಜೂನ್‌ನಲ್ಲಿ ಅದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟವಾಯಿತು. ಆ ಹಸಿರು ಕಣ್ಣುಗಳನ್ನು ಜಗತ್ತೆಲ್ಲ ನೋಡಿತು. ಹೆಸರು ತಿಳಿಯಲು 2002 ಬರಬೇಕಾಯಿತು: ಶರ್ಬತ್ ಗುಲಾ. ಅಷ್ಟೂ ವರ್ಷ ಆಕೆ ತನ್ನ ಆ ಚಿತ್ರವನ್ನು ನೋಡಿಯೇ ಇರಲಿಲ್ಲ. ಅಪರಿಚಿತನೊಬ್ಬ ಚಿತ್ರ ತೆಗೆದದ್ದಕ್ಕೆ ಅಂದು ಸಿಟ್ಟು ಬಂದಿತ್ತೆಂದು ಆಕೆ ನೆನಪಿಸಿಕೊಂಡರು. 2016ರಲ್ಲಿ ಅಕ್ರಮ ಗುರುತಿನ ಚೀಟಿ ಹೊಂದಿದ ಆರೋಪದ ಮೇಲೆ ಪಾಕಿಸ್ತಾನ ಆಕೆಯನ್ನು ಬಂಧಿಸಿ ಅಫ್ಘಾನಿಸ್ತಾನಕ್ಕೆ ಕಳಿಸಿತು. 2021ರಲ್ಲಿ ಇಟಲಿ ಆಶ್ರಯ ಕೊಟ್ಟಿತು. ಲೋಕವೇ ಗುರುತಿಸುವ ಮುಖದ ಹೆಂಗಸು ಒಂದು ಗುರುತಿನ ಚೀಟಿಗಾಗಿ ಜೈಲು ಕಂಡರು. ಆ ಚಿತ್ರ ಅಫ್ಘಾನ್ ನಿರಾಶ್ರಿತರತ್ತ ಲೋಕದ ಗಮನ ಸೆಳೆಯಿತು ಎಂಬುದು ನಿಜ, ನಾನೂ ಅದನ್ನು ನೋಡಿಯೇ ಈ ಕಸುಬಿಗೆ ಬಂದವನು. ಆದರೂ ಅದನ್ನು ನೋಡುವಾಗಲೆಲ್ಲ ನಮ್ಮ ಸ್ಟುಡಿಯೊದ ಅಜ್ಜಿಯ ಮಾತು ಕಿವಿಯಲ್ಲಿ ಕೇಳುತ್ತದೆ.

ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ. ಉಮ್ರಾಗೆ ಹೋದವರು ತವಾಫ್ ನಡುವೆಯೇ ವಿಡಿಯೊ ಮಾಡುತ್ತಾರೆ, ಅಕ್ಕಪಕ್ಕದಲ್ಲಿ ಅಳುತ್ತ ದುಆ ಮಾಡುವವರೂ ಅದರೊಳಗೆ ಬಂದು ಊರೆಲ್ಲ ಸುತ್ತುತ್ತಾರೆ. ಪ್ರವಾಹ ಬಂದ ಊರಿನಲ್ಲಿ ಅಕ್ಕಿಯ ಚೀಲ ಪಡೆಯುವ ಹೆಂಗಸು ಮೊದಲು ಫೊಟೊಗೆ ನಿಲ್ಲಬೇಕು. ಕೊಡುವವರ ಹೆಸರು ಬ್ಯಾನರಿನಲ್ಲಿ ದೊಡ್ಡದಾಗಿರುತ್ತದೆ, ಪಡೆಯುವವರ ಮುಖ ಅದರ ಕೆಳಗೆ. ಬೇಡ ಎನ್ನುವ ಸ್ವಾತಂತ್ರ್ಯ ಹಸಿದವರಿಗೆ ಎಲ್ಲಿಂದ ಬರಬೇಕು? ನನ್ನ ಕಸುಬಿನವರ ಹಳೆಯ ಚಾಳಿ ಈಗ ಎಲ್ಲರ ಚಾಳಿಯಾಗಿದೆ. ಅದಕ್ಕೇ ಇದನ್ನೆಲ್ಲ ಬರೆಯಬೇಕೆನಿಸಿತು.

ನಾನು ಪಾಲಿಸುವ ನಿಯಮಗಳು ಬಹಳ ಸರಳ. ಮೊದಲು ಕೇಳಬೇಕು. ತೆಗೆದದ್ದನ್ನು ಅಲ್ಲೇ ತೋರಿಸಬೇಕು. ಬೇಡವೆಂದರೆ ಅವರೆದುರೇ ಅಳಿಸಬೇಕು. ಒಪ್ಪಿದರೆ ಹೆಸರು ಬರೆದುಕೊಂಡು ಪ್ರತಿ ಕಳಿಸಬೇಕು. ಇದರಿಂದ ಕೈತಪ್ಪಿದ ಚಿತ್ರಗಳಿಗೆ ಲೆಕ್ಕವಿಲ್ಲ, ಕೈತಪ್ಪಿದ ಹಣಕ್ಕೂ. ಫೆಝ್‌ನ ಬಿಳಿ ಜಲ್ಲಾಬಿಯಾದ ಚಿತ್ರ ಅವರ ಮನೆಯ ಗೋಡೆಯ ಮೇಲಿದೆ ಎಂದು ಆ ಹುಡುಗ ಈ ಮೇಲ್ ಮಾಡಿದ್ದ.

ಜೆನ್ನೆಯ ಮೇಸ್ತ್ರಿಗಳಿಗೆ ಕಳಿಸಿದ ಲಕೋಟೆ ತಲುಪಿತೋ ಇಲ್ಲವೋ ತಿಳಿಯಲಿಲ್ಲ. 2012ರಲ್ಲಿ ಮಾಲಿಯಲ್ಲಿ ಯುದ್ಧ ಹತ್ತಿಕೊಂಡಿತು, ಪ್ರವಾಸಿಗರು ನಿಂತರು. 2016ರಲ್ಲಿ ಯುನೆಸ್ಕೊ ಆ ಊರನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಎರಡನೆಯ ಸಲ ಕಳಿಸಿದ ಲಕೋಟೆ ವರ್ಷದ ಮೇಲೆ ಹಿಂದಿರುಗಿತು. ಅದನ್ನು ಒಡೆದಿಲ್ಲ. ಮೇಜಿನ ಖಾನೆಯಲ್ಲಿ ವಿಳಾಸದ ಸಮೇತ ಇಟ್ಟಿದ್ದೇನೆ. ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕೊಟ್ಟು ಕಳಿಸಬೇಕು. ಒಳಗಿರುವ ಮೂರು ಪ್ರತಿಗಳು ನನ್ನವಲ್ಲ.