ಮಾತು ಬಾರದ ದಿನಗಳ ಪ್ರಾರ್ಥನೆ

ಡಿಪ್ರೆಷನ್ ಇರುವಾಗ ಪ್ರಾರ್ಥನೆ ಮಾಡೋಕೆ ಆಗುತ್ತಾ? ನಮ್ಮ ಚರ್ಚಿನ ಯುವಜನರಲ್ಲಿ ಇತ್ತೀಚೆಗೆ ಮೂರ್ನಾಲ್ಕು ಜನ ನನ್ನನ್ನು ಪಕ್ಕಕ್ಕೆ ಕರೆದು ಇದನ್ನೇ ಕೇಳಿದ್ದಾರೆ. 2023ರಲ್ಲಿ ನಾನು ಆ ದಾರಿಯಲ್ಲಿ ಹೋಗಿ ಬಂದವನು ಅಂತ ಅವರಿಗೆ ಗೊತ್ತು. ನಾನು ಹೇಳುವ ಉತ್ತರ ಇಷ್ಟೇ: ಆಗುತ್ತೆ, ಆದರೆ ಭಾನುವಾರ ಮೈಕ್ ಹಿಡಿದು ಮಾಡುವಂಥದ್ದಲ್ಲ. ಅದು ತುಂಬಾ ಚಿಕ್ಕದು, ಒರಟು, ಅರ್ಧಕ್ಕರ್ಧ ಬೇರೆಯವರು ನಮಗಾಗಿ ಮಾಡಿಕೊಡುವಂಥದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಹುಬ್ಬಳ್ಳಿಯವನು. ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಕುಟುಂಬ ನಮ್ಮದು. ರಾತ್ರಿ ಎಂಟಾದರೆ ಮನೆಯಲ್ಲಿ ಟೀವಿ ಬಂದ್. ಒಂದು ಹಾಡು, ಸತ್ಯವೇದದ ಒಂದು ಅಧ್ಯಾಯ, ಆಮೇಲೆ ಅಪ್ಪನ ಪ್ರಾರ್ಥನೆ. ಅದರಲ್ಲಿ ಊರಿನ ಮಳೆಯಿಂದ ಹಿಡಿದು ದೇಶದ ಪ್ರಧಾನಿಯವರೆಗೆ ಎಲ್ಲರೂ ಬರುತ್ತಿದ್ದರು. ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳಿ ಮುಗಿಸುವ ಹೊತ್ತಿಗೆ ಸಾರು ತಣ್ಣಗಾಗಿರೋದು. ಅಪ್ಪನಿಗೆ ಒಂದು ಕ್ರಮ ಇತ್ತು. ಮೊದಲು ಸ್ತೋತ್ರ, ಆಮೇಲೆ ಪಾಪದ ಅರಿಕೆ, ಆಮೇಲೆ ಬೇಡಿಕೆ, ಕೊನೆಗೆ ಮತ್ತೆ ಸ್ತೋತ್ರ. ಒಂದು ಮಾತೂ ಎಡವುತ್ತಿರಲಿಲ್ಲ. ಪ್ರಾರ್ಥನೆ ಅಂದರೆ ದೇವರ ಮುಂದೆ ಚೆನ್ನಾಗಿ ಮಾತಾಡೋದು ಎಂಬ ಚಿತ್ರ ನನ್ನ ತಲೆಯಲ್ಲಿ ಮೂಡಿದ್ದು ಅಲ್ಲೇ.

ಬೆಂಗಳೂರಿನಲ್ಲಿ ಆ ವರ್ಷ ನಮ್ಮ ಟೀಮಿಗೆ ದೊಡ್ಡ ಮೈಗ್ರೇಶನ್ ಕೆಲಸ ಬಂದಿತ್ತು. ವಾರ ಬಿಟ್ಟು ವಾರ ಆನ್‌ಕಾಲ್. ಆದರೆ ಎಲ್ಲವನ್ನೂ ಆಫೀಸಿನ ತಲೆಗೆ ಕಟ್ಟೋಕೆ ನನಗೆ ಇಷ್ಟವಿಲ್ಲ. ಅದೇ ಕೆಲಸ ಮಾಡಿದ ಇನ್ನೂ ಐದು ಜನ ಚೆನ್ನಾಗೇ ಇದ್ದರು. ನನಗೆ ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗೋಕೆ ಶುರುವಾಯ್ತು. ಊಟ ರುಚಿ ಕಳೆದುಕೊಂಡಿತು. ಕೋಡಿನ ಒಂದೇ ಸಾಲನ್ನು ಐದು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ, ನನ್ನ ಸರದಿ ಬಂದಾಗ ಎರಡು ವಾಕ್ಯ ಹೇಳಿ, ಮತ್ತೆ ಹಾಸಿಗೆಗೆ. ಇದು ದುಃಖ ಅಲ್ಲ. ದುಃಖವಾದರೆ ಅಳು ಬರುತ್ತೆ. ನಮ್ಮ ಕಸುಬಿನ ಮಾತಲ್ಲಿ ಹೇಳಬೇಕಂದರೆ, ಸರ್ವರ್ ಆನ್ ಇದೆ, ಪ್ರಾಸೆಸ್ ಓಡ್ತಾ ಇದೆ, ಆದರೆ ಲಾಗ್‌ನಲ್ಲಿ ಒಂದು ಸಾಲೂ ಬರುತ್ತಿಲ್ಲ. ಹಾಗೆ.

ಮೊಣಕಾಲೂರಿದರೆ "ಕರ್ತನೇ" ಎಂಬ ಒಂದು ಪದ ಬರೋದು. ಅದರ ಮುಂದೆ ಏನೂ ಇಲ್ಲ. ಹತ್ತು ನಿಮಿಷ ಹಾಗೇ ಕೂತು ಎದ್ದುಬಿಡುತ್ತಿದ್ದೆ. ದೇವರಿಲ್ಲ ಅಂತ ಅನ್ನಿಸಿದ್ದಲ್ಲ. ಇದ್ದಾನೆ, ಆದರೆ ಆ ಕಡೆಯಿಂದ ಫೋನ್ ಇಟ್ಟುಬಿಟ್ಟಿದ್ದಾನೆ ಅಂತ ಅನ್ನಿಸೋದು. ನಂಬಿಕೆ ಇರುವವರ ಡಿಪ್ರೆಷನ್ನಿಗೆ ಈ ಒಂದು ನೋವು ಹೆಚ್ಚುವರಿ. ಇಲ್ಲದವರಿಗೆ ಅಷ್ಟರ ಮಟ್ಟಿಗೆ ಆರಾಮ ಅಂತ ಆಗ ಅಂದುಕೊಂಡದ್ದೂ ಉಂಟು.

ಪ್ರಾರ್ಥನಾ ಕೂಟವೊಂದರಲ್ಲಿ ಹಿರಿಯರೊಬ್ಬರು ನನ್ನ ಮುಖ ನೋಡಿ, "ವಿಶ್ವಾಸ ಕಡಿಮೆಯಾಗಿದೆ ತಮ್ಮಾ. ದಿನಾ ಒಂದು ತಾಸು ಸ್ತೋತ್ರ ಹೇಳು, ಎಲ್ಲಾ ಹೋಗುತ್ತೆ" ಅಂದರು. ಕೆಟ್ಟ ಮನುಷ್ಯರಲ್ಲ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಕಾಲು ಮುರಿದವನಿಗೆ ಯಾರೂ ಓಡು, ಸರಿಹೋಗುತ್ತೆ ಅನ್ನೋದಿಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ, ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಈ ಕಾಯಿಲೆ ಬರುತ್ತೆ. ಭಾನುವಾರ 200 ಜನ ಸೇರುವ ಸಭೆ ಅಂದರೆ ಹತ್ತು ಜನ. ಆ ಹತ್ತೂ ಜನರ ವಿಶ್ವಾಸ ಒಟ್ಟಿಗೇ ಕಡಿಮೆಯಾಗಿರುತ್ತಾ?

ನನ್ನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದದ್ದು ನನ್ನ ರೂಮ್‌ಮೇಟ್. ದಾವಣಗೆರೆ ಕಡೆಯವನು, ಶನಿವಾರ ತಪ್ಪದೆ ಹನುಮಂತನ ಗುಡಿಗೆ ಹೋಗುವವನು. ಏನೂ ಚರ್ಚೆ ಮಾಡಲಿಲ್ಲ. "ಆಟೋ ಬಂದಿದೆ, ಚಪ್ಪಲಿ ಹಾಕ್ಕೋ" ಅಂದ, ಅಷ್ಟೇ.

ಅಲ್ಲಿ ಪಿಎಚ್‌ಕ್ಯೂ-9 ಎಂಬ ಒಂದು ಹಾಳೆ ಕೊಟ್ಟರು. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ಹೇಗಿತ್ತು ಅಂತ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ನನಗೆ 19 ಬಂತು. ಎಂಜಿನಿಯರಿಂಗ್ ಓದಿದವನಿಗೆ ಒಂದು ಸಂಖ್ಯೆ ಸಿಕ್ಕರೆ ಎಷ್ಟೋ ಸಮಾಧಾನ, ನಿಜ ಹೇಳ್ತೀನಿ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ನಾನು 1 ಹಾಕಿದ್ದೆ. ಡಾಕ್ಟರ್ ಅದನ್ನು ನೋಡಿ ಪೆನ್ನು ಕೆಳಗಿಟ್ಟು, ಇದರ ಬಗ್ಗೆ ಸ್ವಲ್ಪ ಮಾತಾಡೋಣ ಅಂದರು. ಯಾರಿಗೂ ಹೇಳಿರದ ಮಾತನ್ನು ಅವತ್ತು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ನಡುವೆ ನೀವೇ ನಿಲ್ಲಿಸಬೇಡಿ ಅಂತಲೂ ಹೇಳಿ ಕಳಿಸಿದರು.

ಆ ಕೆಲವು ವಾರ ಇದೆಯಲ್ಲ, ಅದೇ ಕಷ್ಟ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಅವ್ವ ಬಂದಳು, ಒಂದು ಚೀಲ ಜೋಳದ ಹಿಟ್ಟಿನ ಜೊತೆಗೆ.

ಬಂದ ದಿನ ರಾತ್ರಿ ಎಂಟಕ್ಕೆ ಅವಳು ಸತ್ಯವೇದ ತೆಗೆದಾಗ ನಾನು, "ಅವ್ವಾ, ನನಗ ಪ್ರಾರ್ಥನಾ ಬರವಲ್ದು" ಅಂದೆ. ಅವಳು ಕನ್ನಡಕ ಮೇಲೆ ಮಾಡಿಕೊಂಡು, "ಬರದಿದ್ರ ಬ್ಯಾಡ. ನೀ ಸುಮ್ನ ಕೂಡು. ನಿನ್ನ ಪಾಲಿಂದೂ ನಾನ ಮಾಡ್ತೀನಿ" ಅಂದಳು. ಯಾವುದೋ ಮನೆಗೆಲಸ ಹಂಚಿಕೊಂಡ ಹಾಗೆ! ಅವತ್ತಿನಿಂದ ಸುಮಾರು ಒಂದೂವರೆ ತಿಂಗಳು ನನ್ನ ಪ್ರಾರ್ಥನೆ ಅಂದರೆ ಅವಳ ಪಕ್ಕ ಕೂತಿರೋದು. ಕೊನೆಗೆ ಆಮೆನ್ ಹೇಳಿದರೆ ಹೇಳಿದೆ, ಇಲ್ಲದಿದ್ದರೆ ಇಲ್ಲ. ಚಿಕ್ಕಂದಿನಿಂದ ಬಾಯಿಪಾಠ ಇರುವ ಕರ್ತನ ಪ್ರಾರ್ಥನೆಯಲ್ಲಿ ನಾನು, ನನಗೆ ಎಂಬ ಪದವೇ ಇಲ್ಲ, ಎಲ್ಲಾ ನಾವು, ನಮಗೆ ಎಂಬುದನ್ನು ಗಮನಿಸಿದ್ದು ಆಗಲೇ. ಒಬ್ಬನೇ ಹೇಳೋಕೆ ಅಂತ ಮಾಡಿದ್ದೇ ಅಲ್ಲ ಅದು. ಅದರಲ್ಲಿ ಕೇಳುವ ರೊಟ್ಟಿ ಕೂಡ ಆ ದಿನದ್ದು ಮಾತ್ರ.

ಹಗಲು ಅವ್ವ ಅಡುಗೆಮನೆಯಲ್ಲಿದ್ದಾಗ ನಾನು ಕೀರ್ತನೆಗಳ ಪುಸ್ತಕ ತಿರುವುತ್ತಿದ್ದೆ. ಗೋಡೆ ಕ್ಯಾಲೆಂಡರಿನಲ್ಲಿ, ವಾಟ್ಸಾಪ್ ಗುಡ್ ಮಾರ್ನಿಂಗಿನಲ್ಲಿ ಬರುವ ವಾಕ್ಯಗಳು ಆ 150 ಕೀರ್ತನೆಗಳ ಒಂದು ಭಾಗ ಅಷ್ಟೇ. ಕ್ಯಾಲೆಂಡರಿಗೆ ಬಾರದ ಭಾಗವೇ ಬೇರೆ ಇದೆ. 13ನೆಯ ಕೀರ್ತನೆ ನೋಡಿ. ಆರೇ ವಚನ, ಅದರ ಮೊದಲ ಎರಡು ವಚನಗಳಲ್ಲೇ ಇನ್ನೂ ಎಷ್ಟು ಕಾಲ ಎಂಬ ಅರ್ಥದ ಪ್ರಶ್ನೆ ನಾಲ್ಕು ಸಲ ಬರುತ್ತೆ. ಪೇಜರ್ ಬಡಿದ ಹಾಗೆ. ಇಂಥ ಗೋಳಿನ ಕೀರ್ತನೆಗಳು ಅಲ್ಲಿ ಒಂದೆರಡಲ್ಲ, ಹತ್ತಾರು. ಬಹುತೇಕ ಎಲ್ಲವೂ ಕೊನೆಯಲ್ಲಿ ಹೇಗೋ ತಿರುಗಿ ಸ್ತೋತ್ರಕ್ಕೆ ಬಂದು ನಿಲ್ಲುತ್ತವೆ.

88 ಮಾತ್ರ ಬರೋದಿಲ್ಲ. ಹೇಮಾನ ಎಂಬವನ ಹೆಸರಿನಲ್ಲಿರುವ ಕೀರ್ತನೆ ಅದು, 18 ವಚನ. ಹಗಲೂ ರಾತ್ರಿ ಕೂಗುತ್ತಾನೆ, ನೀನೇ ನನ್ನನ್ನು ಗುಂಡಿಗೆ ತಳ್ಳಿದೆ ಎಂದು ದೇವರ ಮೇಲೇ ದೂರು ಹಾಕುತ್ತಾನೆ, ಗೆಳೆಯರೆಲ್ಲ ದೂರವಾದರು ಅನ್ನುತ್ತಾನೆ. ಆಮೇಲೆ ಮುಗಿದೇ ಹೋಗುತ್ತೆ. ಮೂಲ ಹೀಬ್ರೂವಿನಲ್ಲಿ ಅದರ ಕೊನೆಯ ಪದವೇ ಕತ್ತಲು. ಮೊದಲ ಸಲ ಓದಿದಾಗ ಪುಟ ತಿರುವಿ ಮುಂದಿನದು ಎಲ್ಲಿ ಅಂತ ಹುಡುಕಿದೆ. ಇರಲಿಲ್ಲ. ಸಾವಿರಾರು ವರ್ಷ ಎಷ್ಟು ಜನ ಇದನ್ನು ನಕಲು ಮಾಡಿರಬಹುದು, ಎಷ್ಟು ಭಾಷೆಗೆ ತಂದಿರಬಹುದು! ಯಾರಿಗೂ ಕೊನೆಗೆ ಒಂದು ಒಳ್ಳೆಯ ಮಾತು ಸೇರಿಸೋಣ ಅಂತ ಅನ್ನಿಸಲಿಲ್ಲವಲ್ಲ. ಹೀಗೆ ಕೂಗಿದ್ದನ್ನೂ ಪ್ರಾರ್ಥನೆ ಅಂತಲೇ ಲೆಕ್ಕ ಹಿಡಿದು ಪುಸ್ತಕದ ನಡುವೆ ಇಟ್ಟಿದ್ದಾರೆ. ನನ್ನ ಬಾಯಿಗೆ ಮಾತು ಬಾರದಿದ್ದರೆ ಏನಂತೆ, ಹೇಮಾನನದು ಇದೆ. ದಿನಕ್ಕೆ ಒಂದು ಸಲ ಅದನ್ನೇ ಗಟ್ಟಿಯಾಗಿ ಓದತೊಡಗಿದೆ. ಅದೇ ಅದೇ ಓದಿದರೆ ಜಪದ ಥರ ಆಗೋದಿಲ್ವಾ ಅಂತ ತಂಗಿ ಫೋನಿನಲ್ಲಿ ಕೇಳಿದಳು. ಗೆತ್ಸೆಮನೆ ತೋಟದಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಲ್ಲೇ ಪ್ರಾರ್ಥಿಸಿದ ಅಂತ ಮತ್ತಾಯನು ಬರೆದಿದ್ದಾನೆ, ನೋಡ್ಕೋ ಅಂದೆ.

ಅವ್ವನಿಗೆ ಇಷ್ಟವಾದದ್ದು ಎಲೀಯನ ಕತೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಕರ್ಮೆಲ್ ಬೆಟ್ಟದ ಮೇಲೆ ಬಾಳನ 450 ಪ್ರವಾದಿಗಳನ್ನು ಎದುರಿಸಿ ಗೆದ್ದ ಪ್ರವಾದಿ ಎಲೀಯ. ಅದಾದ ಬೆನ್ನಿಗೇ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡು ಮಲಗಿಬಿಡುತ್ತಾನೆ. ಆಗ ದೇವರು ಅವನಿಗೆ ಉಪದೇಶ ಮಾಡೋದಿಲ್ಲ. ದೂತನೊಬ್ಬ ಬಂದು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ತೋರಿಸುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲ ಎಬ್ಬಿಸಿ ಮತ್ತೆ ಊಟ. ಇಲ್ಲಿ ಏನು ಮಾಡುತ್ತಿದ್ದೀ ಎಂಬ ಪ್ರಶ್ನೆಯನ್ನು ದೇವರು ಕೇಳೋದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಮೊದಲು ನಿದ್ದೆ, ಊಟ. ಮಾತು ಎಷ್ಟೋ ದಿನದ ನಂತರ. "ದೇವದೂತನೂ ಮೊದ್ಲ ರೊಟ್ಟಿನ ಬಡದಾನ ನೋಡು" ಅಂತ ಅವ್ವ ನನ್ನ ತಟ್ಟೆಗೆ ಇನ್ನೊಂದು ಹಾಕುತ್ತಿದ್ದಳು. ರೊಟ್ಟಿಯ ಪಕ್ಕ ಮಾತ್ರೆ. ಮಾತ್ರೆ ನುಂಗುವ ಮುಂಚೆಯೂ ಅವಳದು ಒಂದು ಸಾಲಿನ ಪ್ರಾರ್ಥನೆ ಇರುತ್ತಿತ್ತು.

ಪ್ರಾರ್ಥನೆಯಿಂದ ವಾಸಿಯಾಯಿತಾ, ಮಾತ್ರೆಯಿಂದಲಾ ಅಂತ ಕೇಳುವವರಿದ್ದಾರೆ. ಎರಡನ್ನೂ ಒಟ್ಟಿಗೇ ಡಿಪ್ಲಾಯ್ ಮಾಡಿದ್ದೆ, ಬೇರೆ ಬೇರೆ ಟೆಸ್ಟ್ ಮಾಡಿಲ್ಲ. ತಮಾಷೆ ಬಿಡಿ, ಪ್ರಾರ್ಥನೆ ಮಾಡಿದರೆ ಡಿಪ್ರೆಷನ್ ಹೋಗೇ ಹೋಗುತ್ತೆ ಅಂತ ನಾನು ಯಾರಿಗೂ ಹೇಳೋದಿಲ್ಲ. ವಿಲಿಯಂ ಕೂಪರ್ ಎಂಬ ಇಂಗ್ಲಿಷ್ ಕವಿ ಇದ್ದ, 1731ರಲ್ಲಿ ಹುಟ್ಟಿ 1800ರಲ್ಲಿ ತೀರಿಕೊಂಡವನು. ಇವತ್ತಿಗೂ ಲೋಕದ ಎಷ್ಟೋ ಚರ್ಚುಗಳಲ್ಲಿ ಅವನ ಕೀರ್ತನೆಗಳನ್ನು ಹಾಡುತ್ತಾರೆ. 1773ರಲ್ಲಿ ಅವನಿಗೆ ಖಿನ್ನತೆ ವಿಪರೀತಕ್ಕೆ ಹೋಯಿತು. ದೇವರು ತನ್ನನ್ನು ಕೈಬಿಟ್ಟ ಎಂಬ ನಂಬಿಕೆ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು, ಸಾಯುವವರೆಗೂ ಪೂರ್ತಿಯಾಗಿ ಬಿಡಲಿಲ್ಲ. ಇದನ್ನು ಸಿಹಿ ಮಾಡಿ ಹೇಳೋಕೆ ದಾರಿಯೇ ಇಲ್ಲ. ಆದರೆ ಅವನ ಗೆಳೆಯ ಜಾನ್ ನ್ಯೂಟನ್, 'ಅಮೇಜಿಂಗ್ ಗ್ರೇಸ್' ಬರೆದ ಪಾದ್ರಿ, ಅವನನ್ನು ತನ್ನ ಮನೆಯಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡ. ಆಮೇಲೆ 1779ರಲ್ಲಿ ಇಬ್ಬರ ಹಾಡುಗಳನ್ನೂ ಸೇರಿಸಿ ಪುಸ್ತಕ ತಂದ. ಗೆಳೆಯ ವಾಸಿಯಾಗಲಿಲ್ಲ ಅಂತ ಅವನ ವಿಶ್ವಾಸಕ್ಕೆ ಅಂಕ ಹಾಕುತ್ತ ಕೂರಲಿಲ್ಲ.

ನನಗೆ ಮಾತ್ರ ಸುಮಾರು ಆರನೆಯ ವಾರದ ಹೊತ್ತಿಗೆ ಹುಳಿ ಸಾರಿನಲ್ಲಿ ಹುಳಿ ಗೊತ್ತಾಯಿತು. ಪವಾಡ ಅಂದರೆ ಅಷ್ಟೇ. ಮುಂದಿನ ಚೇತರಿಕೆ ನಿಧಾನ, ಹೆಚ್ಚು ಹೇಳೋಕೇನಿಲ್ಲ. ಡೋಸ್ ಕಡಿಮೆ ಮಾಡಿದ್ದು ಡಾಕ್ಟರೇ.

ಈಗ ನಮ್ಮ ಐದು ಜನರದ್ದು ಒಂದು ವಾಟ್ಸಾಪ್ ಗುಂಪಿದೆ. ರೂಮ್‌ಮೇಟನೂ ಇದ್ದಾನೆ, ಅವನು ಅವನ ಹನುಮಂತನಿಗೆ ಹೇಳಿಕೊಳ್ಳುತ್ತಾನೆ. ನಿಯಮ ಒಂದೇ. ಮಾತಾಡೋಕೆ ಆಗದ ದಿನ ಬರೀ ಒಂದು ಚುಕ್ಕೆ ಕಳಿಸಿದರೆ ಸಾಕು. ಇವತ್ತು ನನ್ನಿಂದ ಆಗಲ್ಲ, ನೀವು ಮಾಡಿ ಅಂತ ಅದರ ಅರ್ಥ. ಏನಾಯ್ತು, ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ. ಸಂಜೆ ಒಬ್ಬರು ಫೋನ್ ಮಾಡಿ ಊಟ ಆಯ್ತಾ ಅಂತ ಮಾತ್ರ ಕೇಳಬೇಕು. ಎರಡು ದಿನ ಸತತ ಚುಕ್ಕೆ ಬಂದರೆ ಮನೆಗೇ ಹೋಗಿ ನೋಡಬೇಕು. ಸಾಯುವ ಯೋಚನೆ ಬರ್ತಿದೆ ಅಂತ ಯಾರಾದರೂ ಹೇಳಿದರೆ ಪ್ರಾರ್ಥನೆ ಮಾಡ್ತೀವಿ ಅಂತ ಬರೆದು ಸುಮ್ಮನಾಗುವ ಹಾಗಿಲ್ಲ. ಜೊತೆಗಿರಬೇಕು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಕೂಡ ಗುಂಪಿನಲ್ಲಿ ಪಿನ್ ಆಗಿದೆ. ದಿನದ 24 ಗಂಟೆಯೂ ಸಿಗುತ್ತೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ.

ಕಳೆದ ವರ್ಷ ಲೆಂಟ್ ದಿನಗಳಲ್ಲಿ ಊರಿಗೆ ಹೋಗಿದ್ದಾಗ, ಆರಾಧನೆಯಲ್ಲಿ ಪಾಠ ಓದುವ ಸರದಿ ನನಗೆ ಕೊಟ್ಟರು. 88ನೆಯ ಕೀರ್ತನೆ ಓದಲಾ ಅಂತ ಅಯ್ಯನವರನ್ನು ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ, "ಓದ್ರಿ. ಆದ್ರ ಕಡೀಕ ಏನೂ ಸೇರಸಬ್ಯಾಡ್ರಿ" ಅಂದರು. ಹಾಗೇ ಓದಿದೆ, ಹಾಗೇ ನಿಲ್ಲಿಸಿದೆ. ಮುಂದಿನ ಹಾಡು ಶುರುವಾಗುವ ಮುಂಚೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ, ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದ ಕಾಕಾ ಒಬ್ಬರು ಬಂದು ನನ್ನ ಕೈ ಹಿಡಿದರು. ಚಿಕ್ಕಂದಿನಿಂದ ನೋಡಿದ್ದೇನೆ, ಸಂಡೇ ಸ್ಕೂಲಿನಲ್ಲಿ ನಮಗೆ ಹಾಡು ಕಲಿಸಿದವರು, ಸದಾ ನಗುವ ಮನುಷ್ಯ. "ನನಗೂ ಹಿಂಗ ಆಗಿತ್ತು ತಮ್ಮಾ, ನಿಮ್ಮ ಕಾಕೂ ತೀರಿಕೊಂಡ ಮ್ಯಾಲೆ. ಎರಡು ವರ್ಷ. ಯಾರ ಮುಂದೂ ಹೇಳಿರ್ಲಿಲ್ಲ" ಅಂದರು. ಚರ್ಚಿನ ಕಟ್ಟೆಯ ಮೇಲೆ ಕೂತೆವು. ಅವ್ವ ಮಧ್ಯಾಹ್ನದ ಊಟಕ್ಕೆ ಎರಡು ಸಲ ಫೋನ್ ಮಾಡಿದಳು. ಮೂರನೆಯ ಸಲ ಮಾಡಿದಾಗ, ಕಾಕಾನ್ನೂ ಕರ್ಕೊಂಡು ಬರ್ತೀನಿ, ಇನ್ನೊಂದು ತಟ್ಟೆ ಹಾಕು ಅಂದೆ.